ಕಣ್ಣಿನ ಪರೀಕ್ಷೆಗೆ ಊರಿನ ರಜೆ ಕಾಯಬೇಕೇ?

ಗಲ್ಫ್‌ನಲ್ಲಿ ಪತಿ, ಮಕ್ಕಳೊಂದಿಗೆ ನೆಲೆಸಿರುವ ನಮ್ಮ ಕರಾವಳಿಯ ಗೃಹಿಣಿಯರ ಬಾಯಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: "ಊರಿಗೆ ಹೋದಾಗ ನೋಡೋಣ." ಹಲ್ಲುನೋವು, ಮೊಣಕಾಲು ನೋವು, ಕಣ್ಣು ಮಂಜಾಗುವುದು ಎಲ್ಲಕ್ಕೂ ಅದೇ ಉತ್ತರ. ಊರಿಗೆ ಬಂದರೋ ಮದುವೆ, ನಿಶ್ಚಿತಾರ್ಥ, ಸಂಬಂಧಿಕರ ಮನೆ ಎಂದು ರಜೆ ಕರಗಿಹೋಗುತ್ತದೆ. ವಿಮಾನ ಹತ್ತಲು ಎರಡು ದಿನವಿರುವಾಗ ಓಡಿಹೋಗಿ ಕಣ್ಣು ತೋರಿಸಿ, ಅವಸರದಲ್ಲಿ ಮಾಡಿಸಿದ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಅಲ್ಲಿ ಹೋಗಿ ಧರಿಸಿದಾಗ ತಲೆ ಸುತ್ತುತ್ತದೆ, ನೆಲ ಓರೆಯಾಗಿ ಕಾಣುತ್ತದೆ. ಸರಿಪಡಿಸಿಕೊಡಬೇಕಾದ ಅಂಗಡಿ ಸಮುದ್ರದಾಚೆ! ಮುಂದಿನ ರಜೆಯವರೆಗೆ ಆ ಕನ್ನಡಕಕ್ಕೆ ಪೆಟ್ಟಿಗೆಯೇ ಗತಿ.

ಗಂಡಸರ ಸಂಗತಿ ಬೇರೆ. ಯುಎಇಯಲ್ಲಾಗಲಿ ಸೌದಿಯಲ್ಲಾಗಲಿ ಡ್ರೈವಿಂಗ್ ಲೈಸೆನ್ಸ್ ಬೇಕಾದರೆ ಕಣ್ಣಿನ ಪರೀಕ್ಷೆ ಆಗಲೇಬೇಕು. ಸೌದಿಯಲ್ಲಿ 2018ರ ಜೂನ್‌ನಿಂದ ಮಹಿಳೆಯರೂ ವಾಹನ ಓಡಿಸುತ್ತಿದ್ದಾರೆ, ಅವರಿಗೂ ಈ ಪರೀಕ್ಷೆ ಇದೆ. ಆದರೆ ಸ್ಟೀರಿಂಗ್ ಹಿಡಿಯದೆ ಮನೆಯೊಳಗೇ ದುಡಿಯುವವಳ ಕಣ್ಣನ್ನು ಕೇಳುವವರು ಯಾರು?

ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ತನ್ನ ಮೃದುತ್ವ ಕಳೆದುಕೊಂಡು, ಹತ್ತಿರದ್ದು ಮಸುಕಾಗತೊಡಗುತ್ತದೆ. ಹಿರಿಯರು ಇದಕ್ಕೆ ಹಾಕುವ ಕನ್ನಡಕವನ್ನು ಚಾಳೀಸು ಎಂದು ಸುಮ್ಮನೆ ಕರೆಯಲಿಲ್ಲ, ಚಾಳೀಸ್ ಎಂದರೆ ನಲವತ್ತೇ ತಾನೇ. ಅಕ್ಕಿಯ ಕಲ್ಲು ಕಾಣುವುದಿಲ್ಲ, ಸೂಜಿಗೆ ನೂಲು ಹೋಗುವುದಿಲ್ಲ, ಕುರ್‌ಆನ್ ಓದುವಾಗ ಅಕ್ಷರದ ಮೇಲಿನ ಚುಕ್ಕೆ ಒಂದೋ ಎರಡೋ ತಿಳಿಯುವುದಿಲ್ಲ. ಇದು ರೋಗವಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಸಿದ್ಧ ಕನ್ನಡಕದಿಂದ ತಾತ್ಕಾಲಿಕವಾಗಿ ಕೆಲಸ ನಡೆದೀತು. ಆದರೆ ಅದರ ಎರಡೂ ಗಾಜಿನ ಪವರ್ ಒಂದೇ. ನಿಮ್ಮ ಎರಡು ಕಣ್ಣೂ ಹಾಗೆಯೇ ಇರಬೇಕೆಂದಿಲ್ಲ.

ಅಲ್ಲಿನ ಆಪ್ಟಿಕಲ್ ಅಂಗಡಿಗಳಲ್ಲೇ ಕಣ್ಣು ಪರೀಕ್ಷಿಸುವವರಿರುತ್ತಾರೆ. ಮಲಯಾಳಂ, ಹಿಂದಿ ಬಲ್ಲವರು ಸಿಗುವುದರಿಂದ ಭಾಷೆಯ ತೊಡಕು ಕಡಿಮೆ. ಸಂಕೋಚವಿದ್ದರೆ ಮಹಿಳೆಯರೇ ಪರೀಕ್ಷಿಸುವ ಅಂಗಡಿ ಯಾವುದೆಂದು ಫೋನಿನಲ್ಲಿ ಮೊದಲೇ ವಿಚಾರಿಸಿ. ಫ್ರೇಮನ್ನು ಸ್ಕಾರ್ಫ್ ಧರಿಸಿಕೊಂಡೇ ಹಾಕಿ ನೋಡಿ. ಅಂಗಡಿಯಲ್ಲಿ ಹಗುರವೆನಿಸಿದ ಫ್ರೇಮಿನ ಕಡ್ಡಿ ಸ್ಕಾರ್ಫ್‌ನಡಿ ಕಿವಿಯ ಹಿಂದೆ ಒತ್ತಿ ಸಂಜೆಯೊಳಗೆ ತಲೆನೋವು ತರಬಲ್ಲದು.

ಆದರೆ ಅಂಗಡಿಯ ಪರೀಕ್ಷೆ ಸಾಮಾನ್ಯವಾಗಿ ಹೇಳುವುದು ಕನ್ನಡಕದ ನಂಬರನ್ನಷ್ಟೇ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಸಾಲದು. ಈ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲ ಕೆಡತೊಡಗಿದಾಗ ನೋವೂ ಇರುವುದಿಲ್ಲ, ಮೊದಮೊದಲು ದೃಷ್ಟಿಯೂ ಮಸುಕಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ, ಹೋದ ದೃಷ್ಟಿ ಪೂರ್ತಿ ಮರಳದಿರಬಹುದು. ಆದ್ದರಿಂದ ನೇತ್ರತಜ್ಞರ ಬಳಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಆಗಬೇಕು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು ರಜೆ ಕಾದರೆ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗಿರುವುದರಿಂದ ಜೊತೆಗೊಬ್ಬರು ಇರಲಿ. ಸಕ್ಕರೆ ಏರಿಳಿಯುತ್ತಿರುವಾಗ ಹೊಸ ಕನ್ನಡಕ ಮಾಡಿಸಬೇಡಿ. ಅದು ಹತೋಟಿಗೆ ಬಂದ ಮೇಲೆ ಪವರ್ ಬದಲಾಗಿರುತ್ತದೆ, ದುಡ್ಡು ದಂಡ. ಗರ್ಭಿಣಿಯರಲ್ಲೂ ಪವರ್ ತಾತ್ಕಾಲಿಕವಾಗಿ ಬದಲಾಗುವುದುಂಟು.

ಖರ್ಚಿನ ಮಾತು. ದುಬೈಯಲ್ಲಿ 2013ರ ಕಾನೂನಿನಂತೆ ಆರೋಗ್ಯ ವಿಮೆ ಕಡ್ಡಾಯವಾಯಿತು, 2025ರ ಜನವರಿಯಿಂದ ಉತ್ತರದ ಎಮಿರೇಟ್‌ಗಳಿಗೂ ಅದು ಬಂದಿದೆ. ಆದರೆ ಅಗ್ಗದ ವಿಮೆಗಳಲ್ಲಿ ಕನ್ನಡಕದ ವೆಚ್ಚ ಸಾಮಾನ್ಯವಾಗಿ ಸೇರಿರುವುದಿಲ್ಲ. ಕಾಯಿಲೆಗಾಗಿ ನೇತ್ರತಜ್ಞರನ್ನು ಕಾಣುವುದು ಬೇರೆ ಬಾಬ್ತು, ಅದು ಸೇರಿದೆಯೇ ಎಂದು ಪಾಲಿಸಿ ನೋಡಿ ಕೇಳಿಕೊಳ್ಳಿ. ಕನ್ನಡಕ ಊರಿನಲ್ಲೇ ಮಾಡಿಸಬೇಕೆಂದಿದ್ದರೆ ತಪ್ಪೇನಿಲ್ಲ, ಅಲ್ಲಿ ಪರೀಕ್ಷಿಸಿದ ಚೀಟಿ ಇಲ್ಲಿಗೂ ನಡೆಯುತ್ತದೆ. ರಜೆಯ ಮೊದಲ ವಾರದಲ್ಲೇ ಕೊಟ್ಟುಬಿಟ್ಟರೆ, ಹೊಂದದಿದ್ದಾಗ ಬದಲಿಸಲು ಸಮಯವಿರುತ್ತದೆ.

ಚೀಟಿಯನ್ನು ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅದರಲ್ಲಿ ಒ.ಡಿ. ಎಂದರೆ ಬಲಗಣ್ಣು, ಒ.ಎಸ್. ಎಂದರೆ ಎಡಗಣ್ಣು. ದೂರದ್ದು ಕಾಣದವರಿಗೆ ಮೈನಸ್. ಆ್ಯಡ್ ಎಂಬುದು ಓದಲು ಸೇರಿಸುವ ಪವರ್. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಪಿ.ಡಿ. ಎನ್ನುತ್ತಾರೆ. ಅದನ್ನು ಬರೆಯದಿದ್ದರೆ ಬರೆಸಿಕೊಳ್ಳಿ. ಇನ್ನೊಂದು ವಿಷಯಕ್ಕೆ ಅನೇಕರು ಗಾಬರಿಯಾಗುತ್ತಾರೆ: ಊರಿನ ಚೀಟಿಯೊಂದು, ಅಲ್ಲಿನ ಚೀಟಿಯೊಂದು! ಒಂದರಲ್ಲಿ ಮೈನಸ್ 2, ಸಿಲಿಂಡರ್ ಪ್ಲಸ್ 1, ಆಕ್ಸಿಸ್ 90 ಎಂದಿದ್ದು, ಇನ್ನೊಂದರಲ್ಲಿ ಮೈನಸ್ 1, ಸಿಲಿಂಡರ್ ಮೈನಸ್ 1, ಆಕ್ಸಿಸ್ 180 ಎಂದಿದ್ದರೆ ಇಬ್ಬರು ಹೇಳಿದ್ದೂ ಒಂದನ್ನೇ. ಬರೆಯುವ ಕ್ರಮ ಬೇರೆ, ಅಷ್ಟೆ.

ಮಕ್ಕಳ ವಿಷಯದಲ್ಲಂತೂ ಮುಂದೂಡುವಂತಿಲ್ಲ. ಒಂದು ಕಣ್ಣು ಮಾತ್ರ ಮಂದವಾಗಿದ್ದರೆ ಮಗು ಇನ್ನೊಂದರಿಂದ ನೋಡಿಕೊಂಡು ಸುಮ್ಮನಿರುತ್ತದೆ, ದೂರುವುದಿಲ್ಲ. ಆ ಕಣ್ಣಿಗೆ ಏಳೆಂಟು ವಯಸ್ಸಿನೊಳಗೆ ಚಿಕಿತ್ಸೆ ಸಿಕ್ಕರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ. ಶಾಲೆಗೆ ಸೇರುವ ಮೊದಲೇ ಒಮ್ಮೆ ನೇತ್ರತಜ್ಞರಿಗೆ ತೋರಿಸಿ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಮೈನಸ್ ಪವರ್ ಶುರುವಾಗುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಫ್ಲ್ಯಾಟಿನ ನಾಲ್ಕು ಗೋಡೆಯ ನಡುವಿನ ಮಕ್ಕಳಿಗೆ ಚಳಿಗಾಲದ ತಿಂಗಳುಗಳಾದರೂ ಪಾರ್ಕಿನ ಬೆಳಕು ಸಿಗಲಿ. ಮತ್ತು ಮಗುವಿಗೆ ತೋರಿಸಲು ಹೋದ ದಿನ, ಮಗು ಇಳಿದ ಕುರ್ಚಿಯಲ್ಲಿ ನೀವೂ ಕುಳಿತುಬಿಡಿ. ಇನ್ನೊಂದು ದಿನದ ಟ್ಯಾಕ್ಸಿ ಬಾಡಿಗೆಯಾದರೂ ಉಳಿಯುತ್ತದೆ.