ನಿಮಗಿದು ಗೊತ್ತೆ? ಕಾರವಾರದ ಕಡಲತಡಿಯಲ್ಲಿ ಕವಿ ರವೀಂದ್ರರು

ಬೇಸಗೆಯ ರಜೆ ಬಂದಿತೆಂದರೆ ಬೆಂಗಳೂರಿನ ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳ ಸಂಸಾರಗಳು ಗಂಟುಮೂಟೆ ಕಟ್ಟಿ ಪಡುಗಡಲಿನತ್ತ ಹೊರಡುವುದುಂಟು. ಹಾಗೆ ಕಾರವಾರವನ್ನು ಸೇರಿದವರು ತಾವು ಮೆಟ್ಟಿದ ಮರಳಿನ ಮೇಲೆಯೇ ರವೀಂದ್ರನಾಥ ಠಾಕೂರರು ತಮ್ಮ ತಾರುಣ್ಯದಲ್ಲಿ ಅಡ್ಡಾಡಿದ್ದರೆಂಬುದನ್ನು ಬಲ್ಲರೆ? 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದು ಕೆಲಕಾಲ ತಂಗಿದರು. ಇಂಡಿಯನ್ ಸಿವಿಲ್ ಸರ್ವಿಸನ್ನು ಪ್ರವೇಶಿಸಿದ ಪ್ರಥಮ ಭಾರತೀಯರು ಈ ಅಣ್ಣನೇ. ಗಿರಿಪಂಕ್ತಿಗಳಿಂದ ಪರಿವೃತವಾದ, ಬಂದರೆಂಬ ಭಾವವೇ ಬಾರದಷ್ಟು ನಿರ್ಜನವಾದ ಆ ಅರ್ಧಚಂದ್ರಾಕಾರದ ತೀರವನ್ನೂ, ಅದರಂಚಿನ ಗಾಳಿಮರಗಳ ತೋಪನ್ನೂ ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ಪ್ರೀತಿಯಿಂದ ವರ್ಣಿಸಿರುವರು. ಒಂದು ಬೆಳುದಿಂಗಳಿರುಳು ಕಾಳೀನದಿಯಲ್ಲಿ ದೋಣಿಯೇರಿ, ಶಿವಾಜಿಯ ಕಾಲದ ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ಬಡ ಒಕ್ಕಲಿನವನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು, ಇಳಿತದೊಡನೆ ಅಳಿವೆಗೆ ಮರಳಿ, ಅಲ್ಲಿಂದ ಮನೆಯವರೆಗೆ ಮರಳಿನ ಮೇಲೆ ನಡೆದೇ ಬಂದರಂತೆ. ದೋಣಿಯಿರುವಾಗ ನಡೆಯುವುದೇಕೆ ಎಂದು ಕೇಳುವವರು ಕಾರವಾರಕ್ಕೆ ಹೋಗದಿರುವುದೇ ಲೇಸು! ಸಕಲ ಬಂಧನಗಳನ್ನೂ ಕಡಿದು ಪ್ರಕೃತಿಯನ್ನು ಗೆಲ್ಲಹೊರಟ ಸಂನ್ಯಾಸಿಯನ್ನು ಬಾಲಿಕೆಯೊಬ್ಬಳ ಸ್ನೇಹವು ಲೋಕಕ್ಕೆ ಮರಳಿ ಸೆಳೆಯುವ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕಕಾವ್ಯವು ರಚಿತವಾದುದು ಇಲ್ಲಿಯೇ. ಇಂದು ಆ ತೀರಕ್ಕೆ ಕವಿಯ ಹೆಸರೇ ಇದೆ.

ಇದಕ್ಕಾಗಿ ಬೆಂಗಳೂರಿನ ನಮ್ಮ ದಂಡುಪ್ರದೇಶದವರು ಕಾರವಾರದವರನ್ನು ಕಂಡು ಕರುಬಬೇಕಾದುದಿಲ್ಲ. 1928ರ ಜೂನ್ ತಿಂಗಳಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ ಬೆಂಗಳೂರಿನ ಬಾಲಬ್ರೂಯಿ ಭವನದಲ್ಲಿ ಇಳಿದುಕೊಂಡಿದ್ದ ಕವಿಗಳು, ದೂರದ ಶಿಲ್ಲಾಂಗಿನ ಬೆಟ್ಟಗಳಲ್ಲಿ ನಡೆಯುವ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದುದು ಈ ಊರಿನಲ್ಲಿಯೇ.