ಅರಿವಳಿಕೆಗೆ ಮುನ್ನ ಆಡಬೇಕಾದ ಮಾತು

ಶಸ್ತ್ರಚಿಕಿತ್ಸೆಗೆಂದು ಕಾಪು, ಕಾರ್ಕಳಗಳಿಂದ ಉಡುಪಿಗೂ ಮಣಿಪಾಲಕ್ಕೂ ಬರುವ ಸಂಸಾರಗಳು ಅನೇಕ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಮಣಿಪಾಲದ ಗುಡ್ಡವು ಈ ಸೀಮೆಯ ರೋಗಿಗಳಿಗೆ ಆಸರೆಯಾಯಿತು. ಶಸ್ತ್ರವೈದ್ಯರ ಕೈಗುಣವನ್ನು ನಾಲ್ಕು ಕಡೆ ವಿಚಾರಿಸಿ ಬರುವ ನಾವು, ಅರಿವಳಿಕೆಯ ವೈದ್ಯರು ಕೇಳುವ ಪ್ರಶ್ನೆಗಳನ್ನು ಮಾತ್ರ ಲಘುವಾಗಿ ಭಾವಿಸುತ್ತೇವೆ. “ಏನೂ ತೊಂದರೆಯಿಲ್ಲ ಡಾಕ್ಟರೇ” ಎಂದು ರೋಗಿಯ ಪರವಾಗಿ ಮನೆಯವರೇ ಉತ್ತರವಿತ್ತುಬಿಡುವುದುಂಟು.

ಆ ಪ್ರಶ್ನೆಗಳ ಬೆಲೆಯೇನೆಂಬುದನ್ನು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಪ್ರಸಂಗವೊಂದು ತೋರಿಸಿಕೊಟ್ಟಿದೆ. ಕಾಲು ಮುರಿದುಕೊಂಡು ಬಂದಿದ್ದ 21 ವರ್ಷದ ವಿದ್ಯಾರ್ಥಿಗೆ ಕಾಲಿನ ಚಿಂತೆಗಿಂತ ಅರಿವಳಿಕೆಯ ಭಯವೇ ಹೆಚ್ಚಾಗಿತ್ತು. ಅವನ ಬಂಧುಗಳಲ್ಲಿ 10 ಮಂದಿ ಅರಿವಳಿಕೆಯಿಂದಲೇ ತೀರಿಕೊಂಡಿದ್ದರು. ವೈದ್ಯರು ಆ ಮಾತನ್ನು ಅಲಕ್ಷಿಸಲಿಲ್ಲ. ಕೆಡುಕಿನ ಸೂಚನೆ ಕಂಡೊಡನೆ ಔಷಧಿಯನ್ನು ನಿಲ್ಲಿಸಿದರು. ಯುವಕ ಬದುಕಿದ. ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ ಪ್ರಕಟಿಸಿದ ಈ ವೃತ್ತಾಂತದಿಂದ, ಕೆಲವು ಅರಿವಳಿಕೆಗಳಿಂದ ಮೈ ವಿಪರೀತ ಕಾಯುವ ದೋಷವು ವಂಶದಲ್ಲಿ ಹರಿದುಬರುವುದೆಂದು ತಿಳಿದುಬಂತು.

ನಮ್ಮ ದೇಶದಲ್ಲಿಯೂ ಇಂಥದೊಂದು ಉದಾಹರಣೆಯಿದೆ. ಸ್ನಾಯುಗಳನ್ನು ಸಡಿಲಿಸುವ ಸಕ್ಸಮಿಥೋನಿಯಮ್ ಎಂಬ ಔಷಧಿಯ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷಗಳದು. ಅದನ್ನು ಕರಗಿಸುವ ಕಿಣ್ವದ ಕೊರತೆಯುಳ್ಳವರಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ; ಅಷ್ಟು ಹೊತ್ತೂ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ. ಆರ್ಯವೈಶ್ಯ ಸಮಾಜದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಮೊದಲೇ ತಿಳಿದರೆ ವೈದ್ಯರು ಬೇರೆ ಔಷಧಿಯನ್ನು ಬಳಸುತ್ತಾರೆ.

ಆದುದರಿಂದ ಹಿಂದೆ ಯಾವ ಔಷಧಿಯಿಂದ ದದ್ದು, ಮುಖದ ಬಾವು, ಉಸಿರುಗಟ್ಟುವಿಕೆ ಉಂಟಾಯಿತೆಂಬುದನ್ನು ಅದರ ಹೆಸರು ಸಹಿತ ಬರೆದಿಟ್ಟುಕೊಳ್ಳಬೇಕು. ಹಲ್ಲಿನ ಚುಚ್ಚುಮದ್ದಿನಿಂದ ಎದೆ ಹೊಡೆದುಕೊಂಡಿದ್ದರೆ ಅದನ್ನೂ ತಿಳಿಸಬೇಕು. ಅನೇಕ ವೇಳೆ ಅದು ಅಲರ್ಜಿಯಲ್ಲ, ಮದ್ದಿನೊಡನೆ ಬೆರೆಸಿದ ಅಡ್ರಿನಲಿನ್‌ನ ಪರಿಣಾಮ. ಆದರೆ ಅದನ್ನು ನಿರ್ಣಯಿಸತಕ್ಕವರು ವೈದ್ಯರು. ದಮ್ಮು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ನಾಟಿ ಮದ್ದು, ಬೀಡಿ, ಮದ್ಯ, ಅಲುಗಾಡುವ ಹಲ್ಲು ಇವುಗಳಲ್ಲಿ ಯಾವುದನ್ನೂ ಸಂಕೋಚದಿಂದ ಮರೆಮಾಚಬಾರದು.

ಉಪವಾಸದ ವಿಷಯವೂ ಹೀಗೆಯೇ. ವೈದ್ಯರು ಬೇರೆ ರೀತಿ ಹೇಳದಿದ್ದರೆ, ಲಘು ಆಹಾರ ಹಾಗೂ ಹಾಲು ಬೆರೆಸಿದ ಪಾನೀಯವನ್ನು 6 ಗಂಟೆ ಮೊದಲೇ, ನೀರನ್ನು 2 ಗಂಟೆ ಮೊದಲೇ ನಿಲ್ಲಿಸುವುದು ವಾಡಿಕೆ. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆದ್ದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅಜ್ಜಿ ಕನಿಕರದಿಂದ ಮೊಮ್ಮಗನಿಗೆ ಗುಟ್ಟಾಗಿ ಕುಡಿಸಿದ ಒಂದು ಲೋಟ ಗಂಜಿಯೂ ಅಪಾಯವೇ. ಕುಡಿಸಿದ್ದಾದರೆ ಹೇಳಿಬಿಡಬೇಕು, ಚಿಕಿತ್ಸೆಯನ್ನು ಮುಂದೂಡಬಹುದು, ಹೋದ ಜೀವವನ್ನು ಮರಳಿ ತರಲಾಗದು.