ಪುರಸಭೆಯ ಒಂದು ನಿರ್ಣಯ

ಶೃಂಗೇರಿಯಿಂದ ಕಿಗ್ಗದ ಹಾದಿ ಹಿಡಿದು ಮುಂದೆ ಸಾಗಿದವರಿಗೆ ಸಿರಿಮನೆಯ ಜಲಪಾತದ ಭೋರ್ಗರೆತ ಕೇಳಿಸುತ್ತದೆ. ಕಿಗ್ಗದ ಋಷ್ಯಶೃಂಗೇಶ್ವರನು ಮಳೆಯ ದೇವರೆಂದೇ ಪ್ರಸಿದ್ಧನು; ನಾಡಿನಲ್ಲಿ ಬರಗಾಲ ತಲೆದೋರಿದಾಗ ದೂರದೂರದ ಜನರು ಇಲ್ಲಿಗೆ ಬಂದು ಪೂಜೆ ಸಲ್ಲಿಸುತ್ತಾರೆ. ಇಷ್ಟು ಮಳೆ ಸುರಿಯುವ ಸೀಮೆಯಲ್ಲಿಯೂ ಬೇಸಗೆಯ ಕೊನೆಯ ದಿನಗಳಲ್ಲಿ ನಲ್ಲಿಗಳು ಸೊರಗುವುದುಂಟು. ಇದು ವಿಚಿತ್ರವೆನಿಸಬಹುದು. ಆದರೆ ಬೆಟ್ಟದಿಂದ ಧುಮುಕುವ ನೀರಿಗೂ ಅಡಿಗೆಮನೆಯ ಕೊಡಕ್ಕೂ ನಡುವೆ ಬಹಳ ಅಂತರವಿದೆ. ಹೊಳೆಯ ದಡದಲ್ಲಿ ಯಂತ್ರ ನಿಲ್ಲಬೇಕು, ಗುಡ್ಡದ ಮೇಲೆ ತೊಟ್ಟಿ ಕಟ್ಟಬೇಕು, ಬೀದಿಬೀದಿಗೆ ಕೊಳವೆ ಹಾಯಬೇಕು. ಯಾವ ಬೀದಿಗೆ ಮೊದಲು, ಯಾವುದಕ್ಕೆ ಅನಂತರ? ಹಣವೆಷ್ಟು, ಅದನ್ನು ಯಾರು ಕೊಡಬೇಕು? ಇವುಗಳಿಗೆ ಉತ್ತರ ದೊರೆಯುವುದು ಊರಿನ ನಡುವೆ ಇರುವ ಒಂದು ಸಾಧಾರಣ ಕಟ್ಟಡದಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಊರುಗಳಲ್ಲಿ ಆ ಕಟ್ಟಡದ ಮೇಲೆ ‘ಪಟ್ಟಣ ಪಂಚಾಯಿತಿ’ ಎಂಬ ಫಲಕವನ್ನು ಕಾಣಬಹುದು.

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆ ಎಂಬ ಹೆಸರುಗಳು ಊರಿನ ಗಾತ್ರಕ್ಕೆ ತಕ್ಕಂತೆ ಬೇರೆಯಾದರೂ ಅವುಗಳ ಸ್ವರೂಪ ಬಹುಮಟ್ಟಿಗೆ ಒಂದೇ. ನಮ್ಮ ನಾಡಿಗೆ ಇವು ಹೊಸತಲ್ಲ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ 1862ರಲ್ಲಿಯೇ ಪೌರಸಮಿತಿಗಳು ಏರ್ಪಟ್ಟವು. ಬೆಂಗಳೂರಿನ ಪೇಟೆ ಮತ್ತು ದಂಡಿನ ಪ್ರದೇಶಗಳ ಆಡಳಿತಗಳು 1949ರವರೆಗೂ ಬೇರೆಬೇರೆಯಾಗಿಯೇ ಇದ್ದು, ಆ ವರ್ಷ ಒಂದಾದವು. ಹಿಂದೆ ಸರ್ಕಾರವು ಇಂತಹ ಸಂಸ್ಥೆಗಳನ್ನು ತನಗೆ ತೋರಿದಾಗ ರದ್ದುಮಾಡಿ, ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡುವುದು ಸಾಮಾನ್ಯವಾಗಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇವುಗಳಿಗೆ ಐದು ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. ಸ್ತ್ರೀಯರಿಗೆ ಕನಿಷ್ಠಪಕ್ಷ ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅವರ ಸಂಖ್ಯೆಗನುಗುಣವಾದ ಸ್ಥಾನಗಳನ್ನೂ ಮೀಸಲಿರಿಸಿತು. ಕಾಗದದ ಮೇಲಾದರೂ ಊರಿನ ಎಲ್ಲ ಕೇರಿಗಳ ದನಿಯೂ ಸಭಾಂಗಣವನ್ನು ಮುಟ್ಟಲು ದಾರಿಯಾಯಿತು.

ಸಭೆಯ ನಡವಳಿಕೆಯನ್ನು ಒಮ್ಮೆ ನೋಡೋಣ. ಸದಸ್ಯರಿಗೆ ಮುಂಚಿತವಾಗಿಯೇ ಲಿಖಿತ ಸೂಚನೆ ಹೋಗುತ್ತದೆ. ಅದರೊಡನೆ ಚರ್ಚಿಸಬೇಕಾದ ವಿಷಯಗಳ ಪಟ್ಟಿಯೂ ಇರುತ್ತದೆ. ಗೊತ್ತಾದಷ್ಟು ಸದಸ್ಯರು ಹಾಜರಿಲ್ಲದಿದ್ದರೆ ಸಭೆ ನಡೆಯುವಂತಿಲ್ಲ; ಇದಕ್ಕೆ ಕೋರಂ ಎನ್ನುತ್ತಾರೆ. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢಪಡಿಸಿದ ಮೇಲೆ ವಿಷಯಗಳು ಒಂದೊಂದಾಗಿ ಬರುತ್ತವೆ. ಬೀದಿದೀಪ, ಸಂತೆಯ ಸುಂಕ, ಚರಂಡಿ, ಕಸದ ಗಾಡಿ. ಹೊರಗಿನವನಿಗೆ ಇವು ಸಪ್ಪೆಯಾಗಿ ಕಾಣಬಹುದು. ಒಮ್ಮತ ಮೂಡದಿದ್ದರೆ ಮತಕ್ಕೆ ಹಾಕಲಾಗುತ್ತದೆ. ಮತಗಳು ಸಮನಾಗಿ ಬಿದ್ದರೆ ಅಧ್ಯಕ್ಷರಿಗೆ ಇನ್ನೊಂದು ನಿರ್ಣಾಯಕ ಮತವುಂಟು. ಸರ್ಕಾರದಿಂದ ನಾಮಕರಣಗೊಂಡ ಸದಸ್ಯರು ಮಾತನಾಡಬಹುದು, ಮತ ಹಾಕುವಂತಿಲ್ಲ. ಹೀಗೆ ಅಂಗೀಕೃತವಾದುದನ್ನೇ ನಿರ್ಣಯ ಅಥವಾ ಠರಾವು ಎಂದು ಕರೆಯುವುದು. ಗುಮಾಸ್ತರು ಅದನ್ನು ನಡವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನು ಕಾರ್ಯಗತಗೊಳಿಸುವ ಹೊಣೆ ಮುಖ್ಯಾಧಿಕಾರಿಯದು. ನಿರ್ಣಯವು ಕಾನೂನಿಗೆ ವಿರುದ್ಧವಾಗಿದೆ ಅಥವಾ ಜನರಿಗೆ ಹಾನಿಕರವಾಗಿದೆ ಎಂದು ಕಂಡುಬಂದರೆ ಜಿಲ್ಲಾಧಿಕಾರಿಗಳು ಅದನ್ನು ತಡೆಹಿಡಿಯಬಲ್ಲರು.

ಸಭೆಯಲ್ಲಿ ಕೂಗಾಟ ನಡೆಯುವುದೂ, ಸದಸ್ಯರು ಮೇಜು ಗುದ್ದುವುದೂ ಉಂಟು. ಪತ್ರಿಕೆಗಳು ವರದಿಮಾಡುವುದು ಹೆಚ್ಚಾಗಿ ಅದನ್ನೇ. ಆದರೆ ಗದ್ದಲವಿಲ್ಲದೆ ಬರೆಯಲ್ಪಟ್ಟ ಎರಡು ಸಾಲುಗಳು ನೂರಾರು ಜನರ ಬದುಕನ್ನೇ ಬದಲಿಸಿಬಿಡಬಲ್ಲವು. ಅಂತಹ ಒಂದು ನಿರ್ಣಯ ನಮ್ಮ ಕರಾವಳಿಯ ಉಡುಪಿಯಲ್ಲಿ ಆಯಿತು.

ಇದನ್ನು ಅರಿಯಬೇಕಾದರೆ ಹಳೆಯ ಪಟ್ಟಣಗಳ ಒಂದು ಏರ್ಪಾಟನ್ನು ತಿಳಿಯಬೇಕು. ನೀರಿನ ಕೊಳವೆಗಳೂ ಒಳಚರಂಡಿಗಳೂ ಇಲ್ಲದಿದ್ದ ಕಾಲದಲ್ಲಿ ಪೇಟೆಯ ಮನೆಗಳಲ್ಲಿ ಒಣ ಪಾಯಿಖಾನೆಗಳಿದ್ದವು. ಅಲ್ಲಿ ನೀರು ಹರಿಯುತ್ತಿರಲಿಲ್ಲ. ಮಲವು ಒಂದು ಕುಕ್ಕೆಯಲ್ಲೋ ಬಾನಿಯಲ್ಲೋ ಬೀಳುತ್ತಿತ್ತು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕಿರಿದಾದ ಓಣಿಯೊಂದನ್ನು ಇಂದಿಗೂ ನೋಡಬಹುದು. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಮನೆಯ ಮುಂಬಾಗಿಲಿಗೆ ಬರಬಾರದ ಒಬ್ಬ ಮನುಷ್ಯ ಹಿಂದಿನಿಂದ ಬಂದುಹೋಗಲೆಂದೇ ಅದನ್ನು ಬಿಟ್ಟಿದ್ದರು. ಅವನೋ ಅವನ ಹೆಂಡತಿಯೋ ಬೆಳಗಿನ ಜಾವ ಬಂದು ಆ ಮಲವನ್ನು ಗೋರಿ, ಬುಟ್ಟಿಗೋ ಡಬ್ಬಕ್ಕೋ ತುಂಬಿ, ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಮುಖದ ಮೇಲೆ, ಹೆಗಲ ಮೇಲೆ ಇಳಿಯುತ್ತಿತ್ತು. ಮಲೆನಾಡಿನ ಮತ್ತು ಕರಾವಳಿಯ ಮಳೆಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಈ ಕೆಲಸವನ್ನು ಮಾಡುತ್ತಿದ್ದವರು ಒಂದೆರಡು ಜಾತಿಗಳವರೇ. ತಂದೆಯ ಬುಟ್ಟಿ ಮಗನಿಗೆ, ಅತ್ತೆಯ ಬುಟ್ಟಿ ಸೊಸೆಗೆ. ಊರಿನ ಆರೋಗ್ಯವನ್ನು ಕಾಪಾಡುತ್ತಿದ್ದವರನ್ನೇ ಊರು ಮುಟ್ಟುತ್ತಿರಲಿಲ್ಲ. ಅನೇಕ ಊರುಗಳಲ್ಲಿ ಅವರಿಗೆ ಕೂಲಿ ಕೊಡುತ್ತಿದ್ದುದು ಪುರಸಭೆಯೇ ಎಂಬುದನ್ನು ಮರೆಯಬಾರದು. ಎಂದರೆ ಅದು ಕೇವಲ ಹಳೆಯ ರೂಢಿಯಾಗಿರಲಿಲ್ಲ. ಪ್ರತಿವರ್ಷ ಆಯವ್ಯಯದಲ್ಲಿ ಒಪ್ಪಿಗೆ ಪಡೆಯುತ್ತಿದ್ದ ಒಂದು ಬಾಬತ್ತಾಗಿತ್ತು.

ಡಾಕ್ಟರ್ ವಿ. ಎಸ್. ಆಚಾರ್ಯರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದಾಗ ಅವರಿಗೆ ಇಪ್ಪತ್ತೆಂಟು ವರ್ಷ. ವೃತ್ತಿಯಿಂದ ವೈದ್ಯರು. ಅವರ ಆಡಳಿತದ ಅವಧಿಯಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಉಡುಪಿ ಪುರಸಭೆಯು ನಿಷೇಧಿಸಿತು. ದೇಶದಲ್ಲಿ ಇಂತಹ ಹೆಜ್ಜೆಯನ್ನಿಟ್ಟ ಮೊದಲ ಪಟ್ಟಣಗಳಲ್ಲಿ ಉಡುಪಿಯೂ ಒಂದು. ಆಗ ಈ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಶಾಸನವಿರಲಿಲ್ಲ. ಒಂದು ಪುಟ್ಟ ಊರಿನ ಸಭೆ ತನ್ನ ಗಡಿಯೊಳಗೆ ಇದು ಕೂಡದೆಂದಿತು.

ಕೂಡದು ಎನ್ನುವುದು ಸುಲಭ. ಆದರೆ ಅದರ ಹಿಂದೆ ಎಷ್ಟು ಕೆಲಸಗಳು ಅಡಗಿವೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಹೊರುವವರಿಲ್ಲವಾದ ಮೇಲೆ ಒಣ ಪಾಯಿಖಾನೆಗಳು ಇರುವಂತಿಲ್ಲ. ಪ್ರತಿಯೊಂದು ಮನೆಯೂ ನೀರು ಸುರಿದು ತೊಳೆಯುವ ಪಾಯಿಖಾನೆಯನ್ನು ಕಟ್ಟಿಸಿಕೊಳ್ಳಬೇಕು. ಇದರ ಗುಟ್ಟು ಇರುವುದು ಒಂದು ಬಾಗಿದ ಕೊಳವೆಯಲ್ಲಿ. ಹಂಸದ ಕೊರಳಿನಂತೆ ಬಾಗಿರುವ ಆ ಕೊಳವೆಯೊಳಗೆ ಸದಾ ಸ್ವಲ್ಪ ನೀರು ನಿಂತಿದ್ದು, ಗುಂಡಿಯ ದುರ್ನಾತವೂ ನೊಣಗಳೂ ಮೇಲಕ್ಕೆ ಬಾರದಂತೆ ತಡೆಯುತ್ತದೆ. ಒಳಚರಂಡಿಯಿಲ್ಲದ ಊರುಗಳಲ್ಲಿ ಎರಡು ಗುಂಡಿಗಳನ್ನು ತೋಡುವ ವಿಧಾನವಿದೆ. ಒಂದು ಗುಂಡಿ ತುಂಬಿದೊಡನೆ ಅದನ್ನು ಮುಚ್ಚಿ ಇನ್ನೊಂದಕ್ಕೆ ಕೊಳವೆಯನ್ನು ತಿರುಗಿಸುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮೊದಲನೆಯ ಗುಂಡಿಯಲ್ಲಿದ್ದುದು ಕಳಿತು ವಾಸನೆಯಿಲ್ಲದ ಗೊಬ್ಬರವಾಗಿರುತ್ತದೆ. ಆದರೆ ಇದಕ್ಕೆಲ್ಲ ನೀರು ಬೇಕು. ಬಾವಿಯಿಂದ ಸೇದಿದ ಎರಡು ಕೊಡದಲ್ಲಿ ದಿನ ದೂಡುವ ಮನೆ ಇದನ್ನು ಒಪ್ಪುವುದು ಕಷ್ಟ. ಬಡವನಿಗೆ ಕಟ್ಟಡದ ವೆಚ್ಚಕ್ಕೆ ನೆರವು ಬೇಕು. ಬುಟ್ಟಿ ಇಳಿಸಿದವನಿಗೆ ಬೇರೆ ಕೆಲಸ ಬೇಕು. ಇಲ್ಲವಾದರೆ ನಿಷೇಧವು ಅವನ ಹೊಟ್ಟೆಯ ಮೇಲೆಯೇ ಹೊಡೆತವಾಗುತ್ತದೆ. ಹೀಗೆ ಒಂದು ನಿರ್ಣಯವು ಇನ್ನೂ ಹತ್ತು ನಿರ್ಣಯಗಳನ್ನು ಬೇಡುತ್ತದೆ.

ಹತ್ತನ್ನು ಮಾಡದೆ ಒಂದನ್ನು ಮಾತ್ರ ಮಾಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಮಹಾಡ್ ಎಂಬ ಊರು ಸಾಕ್ಷಿ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ನಿರ್ಣಯ ಮಾಡಿತ್ತು. ಅದನ್ನನುಸರಿಸಿ ಮಹಾಡ್ ಪುರಸಭೆಯು ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ 1924ರಲ್ಲಿ ಠರಾವು ಬರೆಯಿತು. ಪುಸ್ತಕದಲ್ಲಿ ಕೆರೆ ತೆರೆಯಿತು, ಊರಿನಲ್ಲಿ ತೆರೆಯಲಿಲ್ಲ. ಮೂರು ವರ್ಷಗಳ ಅನಂತರ, 1927ರ ಮಾರ್ಚ್ 20ರಂದು, ಡಾಕ್ಟರ್ ಅಂಬೇಡ್ಕರರು ಸಹಸ್ರಾರು ಜನರೊಡನೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರನ್ನು ಕುಡಿದರು. ಅದೇ ದಿನ ಅವರ ಜೊತೆಗಾರರ ಮೇಲೆ ಹಲ್ಲೆ ನಡೆಯಿತು. ಆಗಸ್ಟ್ ತಿಂಗಳಿನಲ್ಲಿ ಪುರಸಭೆಯು ತನ್ನ ಠರಾವನ್ನು ತಾನೇ ಹಿಂತೆಗೆದುಕೊಂಡಿತು! ಮೊಕದ್ದಮೆ ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಅಸ್ಪೃಶ್ಯರ ಪರವಾಗಿ ಬಂದಿತು. ಸಭೆಗೆ ಬರೆಯುವ ಅಧಿಕಾರವಿರುವಂತೆ ಅಳಿಸುವ ಅಧಿಕಾರವೂ ಇದೆ.

ಕರ್ನಾಟಕದಲ್ಲಿ 1972ರಲ್ಲಿ ದೇವರಾಜ ಅರಸರ ಸರ್ಕಾರ ಬಂದಿತು. ಆ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಾದ್ಯಂತ ನಿಷೇಧಿಸಿದರು. ಸ್ವತಃ ದಲಿತರಾಗಿದ್ದ ಅವರಿಗೆ ಇದು ಆಡಳಿತದ ಒಂದು ಕಡತ ಮಾತ್ರವಾಗಿರಲಿಲ್ಲ. ಭಾರತದ ಸಂಸತ್ತು ಒಣ ಪಾಯಿಖಾನೆಗಳ ನಿರ್ಮಾಣವನ್ನೂ ಈ ಕೆಲಸಕ್ಕೆ ಜನರನ್ನು ನೇಮಿಸುವುದನ್ನೂ ಕಾನೂನಿನಿಂದ ನಿಷೇಧಿಸಿದ್ದು 1993ರಲ್ಲಿ. ಉಡುಪಿಯ ನಿಷೇಧಕ್ಕೂ ಇದಕ್ಕೂ ನಡುವೆ ಎರಡು ದಶಕಗಳೇ ಕಳೆದಿದ್ದವು. ಆಮೇಲೂ ಬುಟ್ಟಿಗಳು ಉಳಿದುಕೊಂಡವು. ಕೋಲಾರ ಚಿನ್ನದ ಗಣಿಯ ಪ್ರದೇಶದಲ್ಲಿ ಇದೇ ಕೆಲಸ ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ದೇಶದುದ್ದಕ್ಕೂ ಅಲೆದು ಒಣ ಪಾಯಿಖಾನೆಗಳನ್ನು ಕೆಡವಿಸಲು ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಹಾವೇರಿ ಜಿಲ್ಲೆಯ ಸವಣೂರಿನ ಘಟನೆಯಂತೂ ಓದುವವರ ಮನಸ್ಸನ್ನು ಕಲಕುತ್ತದೆ. ಅಲ್ಲಿ ತಲೆಮಾರುಗಳಿಂದ ಊರಿನ ಮಲ ಬಳಿದ ಕೆಲವು ಕುಟುಂಬಗಳನ್ನು ಅವರು ವಾಸವಾಗಿದ್ದ ಜಾಗದಿಂದ ತೆರವುಗೊಳಿಸುವ ಪ್ರಯತ್ನ ನಡೆಯಿತು. 2010ರ ಜುಲೈ ತಿಂಗಳಲ್ಲಿ ಆ ಜನರು ಪುರಸಭೆಯ ಕಚೇರಿಯ ಎದುರಿಗೆ ನಿಂತು, ತಮ್ಮ ಮೈಮೇಲೆ ತಾವೇ ಮಲವನ್ನು ಸುರಿದುಕೊಂಡು ಪ್ರತಿಭಟಿಸಿದರು. ಮನವಿಪತ್ರಗಳಿಂದ ಆಗದಿದ್ದುದು ಇದರಿಂದ ಆಯಿತು: ಅಧಿಕಾರಿಗಳೂ ಮಂತ್ರಿಗಳೂ ಆ ಕೇರಿಯತ್ತ ತಿರುಗಿ ನೋಡಿದರು. ಅವರು ಬಾಯಿಬಿಟ್ಟು ಹೇಳದಿದ್ದರೂ ಅವರ ಪ್ರಶ್ನೆ ಸ್ಪಷ್ಟವಾಗಿತ್ತು. ಇಷ್ಟು ವರ್ಷ ನಿಮ್ಮ ಸಭೆಯ ವಿಷಯಗಳ ಪಟ್ಟಿಯಲ್ಲಿ ನಾವು ಎಲ್ಲಿದ್ದೆವು?

2013ರಲ್ಲಿ ಇನ್ನೊಂದು ಕಾನೂನು ಬಂದಿತು. ಇದರ ವ್ಯಾಪ್ತಿ ಹೆಚ್ಚು ವಿಶಾಲವಾದುದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೂ ಮಲದ ಗುಂಡಿಗೂ ಇಳಿಸುವುದೂ ಇದರ ಪ್ರಕಾರ ಅಪರಾಧ. ಮುಚ್ಚಿದ ಗುಂಡಿಯೊಳಗೆ ಕಣ್ಣಿಗೆ ಕಾಣದ ವಿಷಾನಿಲಗಳು ಕೂಡಿರುತ್ತವೆ. ಇಳಿದವನು ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಬಹುದು. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಆದುದರಿಂದಲೇ ಸಾವಿನ ಸುದ್ದಿ ಬರುವಾಗ ಇಬ್ಬರು ಮೂವರದು ಒಟ್ಟಿಗೆ ಬರುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಬುಟ್ಟಿಯ ಕಾಲ ಮುಗಿದರೂ ಗುಂಡಿಯ ಕಾಲ ಮುಗಿದಿಲ್ಲ. ಒಳಚರಂಡಿಯಿಲ್ಲದ ಸಣ್ಣ ಪಟ್ಟಣಗಳಲ್ಲಿ ಮನೆಮನೆಯ ಗುಂಡಿಯೂ ಒಂದಲ್ಲ ಒಂದು ದಿನ ತುಂಬುತ್ತದೆ. ಅದನ್ನು ಬರಿದುಮಾಡಲು ಹೀರುಯಂತ್ರವಿರುವ ವಾಹನ ಬೇಕು. ಅದನ್ನು ಕೊಳ್ಳುವುದೋ ಬಾಡಿಗೆಗೆ ಪಡೆಯುವುದೋ, ಒಂದು ಗುಂಡಿಗೆ ಎಷ್ಟು ಶುಲ್ಕ, ಶುಲ್ಕ ಹೆಚ್ಚಾಯಿತೆಂದು ಮನೆಯವರು ಗುಟ್ಟಾಗಿ ಯಾರನ್ನಾದರೂ ಒಳಗಿಳಿಸಿದರೆ ಏನು ಕ್ರಮ, ಹೀರಿದ್ದನ್ನು ತುಂಗೆಗೂ ಭದ್ರೆಗೂ ಸೇರದಂತೆ ಎಲ್ಲಿ ವಿಲೇವಾರಿ ಮಾಡಬೇಕು? ಇಂತಹ ಪ್ರಶ್ನೆಗಳು ಬೀದಿದೀಪಕ್ಕೂ ಸಂತೆಯ ಸುಂಕಕ್ಕೂ ನಡುವೆ ಒಂದು ಕ್ರಮಾಂಕವನ್ನು ಹೊತ್ತು ಪಟ್ಟಣ ಪಂಚಾಯಿತಿಯ ಮೇಜಿನ ಮೇಲೆ ಬರುತ್ತವೆ. ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಹಿಂದಿನ ಸಾಲಿನ ಬೆಂಚಿನಲ್ಲಿ ಕುಳಿತು ಯಾರು ಬೇಕಾದರೂ ಕೇಳಬಹುದು.